ಕರಗಿದ ನೀರು ಎಲ್ಲಿ ಹೋಯ್ತು?

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಮಾಡಬೇಡಿ. ಕಡಲ ದಂಡೆಯಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಹೊನ್ನಿ ಅಂತ ಒಬ್ಬಳು ಅಳತೆಗಾತಿ ಇದ್ದಳು. ವರ್ಷಕ್ಕೊಮ್ಮೆ, ನೂಲು ಹುಣ್ಣಿಮೆಯ ದಿನ, ಕಡಲು ಎಷ್ಟು ಏರಿದೆ ಅಂತ ಅಳೆದು ರಾಜನಿಗೆ ಹೇಳುವುದು ಅವಳ ಕೆಲಸ.

"ಒಂದು ಗೆರೆ ಏರಿದರೂ ಸಾಕು, ನಿಮ್ಮ ಕೇರಿಗೆ ಗುಡ್ಡ ಬಿಟ್ಟುಕೊಡ್ತೇನೆ" ಅಂತ ರಾಜ ದಂಡೆಯಲ್ಲಿದ್ದ ಹೊನ್ನಿಯ ಕೇರಿಯವರಿಗೆ ಮಾತು ಕೊಟ್ಟಿದ್ದ. ಆ ಗುಡ್ಡದ ಮೇಲೆ ಮಂತ್ರಿಯ ಮಾವಿನ ತೋಟ. ಅವನು ಬಿಟ್ಟಾನೆಯೇ? ಒಂದು ನೂಲು ಹುಣ್ಣಿಮೆಯಂದು, ದೋಣಿ ಕಟ್ಟುವ ದಕ್ಕೆಯ ಕೊನೇ ಮೆಟ್ಟಿಲಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಅಳತೆಯ ಗೆರೆಗಳನ್ನು ರಾಜನ ದೋಣಿಯ ಮೈಮೇಲೆ ಬರೆಸಿದ. "ಚಂದ ಕಾಣುತ್ತೆ" ಅಂದ.

ಮೊದಲ ವರ್ಷ ಹೊನ್ನಿ ನೋಡಿದಳು. ನೀರು ಮೂರನೇ ಗೆರೆಗಿತ್ತು. ಬಡಗಣ ತುದಿಯಿಂದ ಒಂದು ಕಡಲಹಕ್ಕಿ ಹಾರಿ ಬಂತು. "ಅಕ್ಕಾ, ಮಂಜುಗಡ್ಡೆಯ ಬೆಟ್ಟ ಕರಗ್ತಿದೆ. ಒಳಗೆ ಹೂತಿದ್ದ ಬಂಡೆಯ ತಲೆ ಕಾಣ್ತಿದೆ" ಅಂತು.

ಎರಡನೇ ವರ್ಷವೂ ನೀರು ಮೂರನೇ ಗೆರೆಗೇ. "ಬಂಡೆಯ ಹೆಗಲು ಕಂಡಿತು" ಅಂತು ಹಕ್ಕಿ. ಹೊನ್ನಿಯ ಬಾವಿ ಉಪ್ಪಾಯಿತು.

ಮೂರನೇ ವರ್ಷವೂ ಮೂರನೇ ಗೆರೆಗೇ. "ಬಂಡೆಯ ಸೊಂಟ ಕಂಡಿತು" ಅಂತು ಹಕ್ಕಿ. ಹೊನ್ನಿಯ ಒಲೆಗೇ ಅಲೆ ನುಗ್ಗಿತು.

ಅವಳ ತಲೆ ಗಿರ್ರೆಂದಿತು. ಕರಗಿದ ನೀರೆಲ್ಲ ಎಲ್ಲಿ ಹೋಯ್ತು? ಹಕ್ಕಿ ಸುಳ್ಳೋ, ಗೆರೆ ಸುಳ್ಳೋ, ತನ್ನ ಕಣ್ಣೇ ಕೆಟ್ಟಿತೋ? ಕೇರಿಯವರೆಲ್ಲ ಗಂಟುಮೂಟೆ ಹೊತ್ತು ಅವಳ ಬಾಯನ್ನೇ ನೋಡುತ್ತಿದ್ದರು. ಪಾಪ, ಅವಳಿಗೆ ಅಳು ಬಂತು.

ಅಷ್ಟರಲ್ಲಿ ಅಡುಗೆಮನೆಯ ನೀರಲ್ಲಿ ಮಸಿ ಹಿಡಿದ ಮಡಕೆ ತೇಲಿ ಬಂತು. ನೀರು ಮಡಕೆಯ ಹೊರಮೈಯ ಅರ್ಧಕ್ಕಿತ್ತು. ಇನ್ನೊಂದು ಅಲೆ ಬಂದು ಒಲೆ ಪೂರ್ತಿ ಮುಳುಗಿತು. ಮಡಕೆಗೆ ಮಾತ್ರ ಆಗಲೂ ಅರ್ಧವೇ!

"ಅಯ್ಯೋ ನನ್ನ ಬುದ್ಧಿಯೇ!" ಅಂತ ಹಣೆ ಚಚ್ಚಿಕೊಂಡಳು. ಉಬ್ಬರ ಇಳಿಯುವ ಮೊದಲೇ ಅರಮನೆಗೆ ಓಡಿದಳು.

"ಮಹಾಸ್ವಾಮಿ, ಗೆರೆ ಬರೆಸಿದ ಹುಣ್ಣಿಮೆಯಂದು ಮಂತ್ರಿಗಳು ನಿಂತಿದ್ದ ಮೆಟ್ಟಿಲಲ್ಲೇ ಇವತ್ತೂ ನಿಲ್ಲಲಿ. ಕಡಲು ಏರಿಲ್ಲ ಅಂತಾರಲ್ಲ, ಮೊಣಕಾಲಷ್ಟೇ ತಾನೇ ನೆನೆಯೋದು?"

"ನನಗೆ ನೆಗಡಿ ಪ್ರಭು" ಅಂದ ಮಂತ್ರಿ.

"ನಿಲ್ಲಿ" ಅಂದ ರಾಜ.

ಎಲ್ಲರೂ ದಕ್ಕೆಗೆ ಬಂದರು. ಮಂತ್ರಿ ಕೊನೇ ಮೆಟ್ಟಿಲಿಗೆ ಇಳಿದ. ಸೊಂಟ ಮುಳುಗಿತು, ಎದೆ ಮುಳುಗಿತು, ಕುತ್ತಿಗೆಗೆ ಬಂತು. ರುಮಾಲು ತೇಲಿ ಹೋಯಿತು. "ಏರಿದೆ ಪ್ರಭೂ, ಏರಿದೆ! ಮೇಲೆತ್ತಿ!" ಅಂತ ಬೊಬ್ಬೆ ಹಾಕಿದ.

"ದೋಣಿಯ ಗೆರೆ ಏನನ್ನುತ್ತೆ?" ಅಂತ ರಾಜ ಕೇಳಿದ.

"ಮೂರನೆಯದಕ್ಕೇ ಇದೆ ಸ್ವಾಮಿ" ಅಂದಳು ಹೊನ್ನಿ.

ಸಂಜೆಯೊಳಗೆ ಕೇರಿ ಗುಡ್ಡ ಹತ್ತಿತು. ಹೊಸ ಗೆರೆಗಳನ್ನು ದಂಡೆಯ ಬಂಡೆಯಲ್ಲಿ ಕೆತ್ತಿಸಿದರು, ಉಳಿ ಹಿಡಿದವನು ಮಂತ್ರಿಯೇ. ಮರುವರ್ಷ ಹಕ್ಕಿ ಬಂದು, "ಅಕ್ಕಾ, ಬಂಡೆಯ ಮೊಣಕಾಲೂ ಕಂಡಿತು" ಅಂತು. ಆ ನೀರು ಎಲ್ಲಿಗೆ ಬರುತ್ತೆ ಅಂತ ಈಗ ಹೊನ್ನಿಗೆ ಗೊತ್ತಿತ್ತು.

ನೀತಿ ಇಷ್ಟೇ ಮಕ್ಕಳೇ: ನೀರನ್ನು ಅಳೆಯುವ ಕೋಲು ನೀರಿನ ಜೊತೆ ತೇಲಬಾರದು. ಅದನ್ನು ತೇಲಿಬಿಟ್ಟವನೂ ಒಂದು ದಿನ ಅದೇ ನೀರಲ್ಲಿ ನಿಲ್ಲಬೇಕಾಗುತ್ತೆ.