ಬೆಳ್ಳಕ್ಕಿ ಮೇಷ್ಟ್ರ ಚಿತ್ರಪುಸ್ತಕ

ಕೆರೆಯಂಗಳದ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಸೇರಿದ ಮರಿ ಚಿತ್ರಪುಸ್ತಕದಲ್ಲಿ ತನ್ನ ಚಿತ್ರ ಹುಡುಕಿ, ಅದರ ಮೇಲೆ ಕಾಲಿಟ್ಟು, "ಇದು ನಾನು" ಅನ್ನಬೇಕು. ಆಮೇಲೆಯೇ ಒಳಗೆ ಜಾಗ. ಪುಸ್ತಕ ಬರೆದವರು ಬೆಳ್ಳಕ್ಕಿ ಮೇಷ್ಟ್ರು.

ಕುರಿಮರಿ ಅಂದಿತು, ಆಕಳ ಕರು ಅಂದಿತು, ಕಪ್ಪೆಮರಿಯೂ ಕುಪ್ಪಳಿಸಿ ಬಂದು ಅಂದಿತು. ಎಮ್ಮೆಕರು ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಹುಡುಕಿತು.

"ಮೇಷ್ಟ್ರೇ, ಇದರಲ್ಲಿ ನಾನಿಲ್ಲ."

"ಆಕಳ ಕರುವಿನ ಮೇಲೆ ಕಾಲಿಡು. ಅದಕ್ಕೂ ನಾಲ್ಕು ಕಾಲು, ಒಂದು ಬಾಲ. ಅಂಥ ವ್ಯತ್ಯಾಸವೇನಿಲ್ಲ."

ಎಮ್ಮೆಕರು ಕಾಲೆತ್ತಿತು. "ಅದು ನಾನು," ಎಂದು ಆಕಳ ಕರು ಮೆಲ್ಲಗೆ ಹೇಳಿತು. ಎತ್ತಿದ ಕಾಲನ್ನು ಎಮ್ಮೆಕರು ಹಿಂದಕ್ಕೆ ತೆಗೆದುಕೊಂಡಿತು.

"ನಮ್ಮನ್ನು ಯಾಕೆ ಬರೆಯಲಿಲ್ಲ, ಮೇಷ್ಟ್ರೇ?"

"ಇಡೀ ಕೆರೆಬಯಲು ಸುತ್ತಿ, ಕಂಡ ಹುಳವನ್ನೂ ಬಿಡದೆ ಬರೆದಿದ್ದೇನೆ, ಮಗು. ಎಮ್ಮೆ ಎಲ್ಲೂ ಕಾಣಲಿಲ್ಲ," ಎಂದರು ಮೇಷ್ಟ್ರು. ಅವರೇನೂ ಸುಳ್ಳು ಹೇಳುತ್ತಿರಲಿಲ್ಲ.

ಅಂದು ಎಮ್ಮೆಕರು ಬಾಗಿಲಾಚೆ ಒಂಟಿಯಾಗಿ ಕೂತು ಪಾಠ ಕೇಳಿತು. ಒಳಗಿನವರೆಲ್ಲ ನಕ್ಕಾಗ, ಯಾಕೆಂದು ತಿಳಿಯದೆ, ಅದೂ ನಕ್ಕಿತು.

ಸಂಜೆ ತಾಯೆಮ್ಮೆ ಬಂತು. ಮೇಷ್ಟ್ರು ದಿನದಂತೆ ಅದರ ಬೆನ್ನೇರಿ ಕೂತರು. ಬೆಳಿಗ್ಗೆ ಅವರನ್ನು ಕರೆತರುವುದೂ ಅದೇ, ಸಂಜೆ ಗೂಡಿಗೆ ಮುಟ್ಟಿಸುವುದೂ ಅದೇ. ಕೆರೆಬಯಲು ಸುತ್ತಿಸಿದ್ದೂ ಅದೇ.

"ನಿನ್ನ ಚಿತ್ರ ಸಿಕ್ಕಿತೇನೇ?" ಎಂದು ತಾಯಿ ಕೇಳಿತು.

ಎಮ್ಮೆಕರು ತಲೆಯೆತ್ತಿ ತಾಯಿಯ ಬೆನ್ನ ಕಡೆ ನೋಡಿತು.

"ಇಲ್ಲವ್ವ. ಬರೆಯುವಾಗ ಮೇಷ್ಟ್ರು ನಿನ್ನ ಮೇಲೇ ಕೂತಿದ್ದರು."