ಗರುಡನ ಗೂಡು, ಶೆಲ್ವಮ್ಮನ ಮೀನು

ಕಪಿಲಾ ನದಿಯ ದಂಡೆಯಲ್ಲಿ, ಹಿಂದೆ ದೋಣಿಯವರು ಹುಟ್ಟುಗಳನ್ನು ಇಡುತ್ತಿದ್ದ ಹಳೆಯ ಕಲ್ಲುಮಂಟಪವೇ ಮಾತೃಶ್ರೀ ಪ್ರಸನ್ನಾಂಬೆಯವರ ವಾಸಸ್ಥಾನವಾಗಿದ್ದ ಕಾಲವದು. ಮೂರು ಕಡೆ ಭಕ್ತರು ಮಣ್ಣಿನ ಗೋಡೆ ಎಬ್ಬಿಸಿಕೊಟ್ಟಿದ್ದರು. ಹೊಳೆಯ ಕಡೆ ತೆರೆದೇ ಇತ್ತು. ಒಂದು ಚಾಪೆ, ಒಂದು ತಾಮ್ರದ ಚೆಂಬು, ಎರಡು ಕಾವಿ ಸೀರೆ, ಇಷ್ಟೇ ಅವರ ಸಂಸಾರ. ಎಪ್ಪತ್ತರ ವಯಸ್ಸಿನಲ್ಲೂ ಬೆಳಗಿನ ಪೂಜೆ ಮುಗಿಸಿದವರೇ ಮುತ್ತುಗದ ಎಲೆ ಹಚ್ಚುತ್ತ ಕುಳಿತುಬಿಡುತ್ತಿದ್ದರು. ಬಂದವರು ಕಷ್ಟ ಹೇಳಿಕೊಳ್ಳುವರು. ಅವರು ಎಲೆಗೆ ಕಡ್ಡಿ ಚುಚ್ಚುತ್ತಲೇ ಕೇಳುವರು. ಮಾತು ತೀರ ಕಡಿಮೆ. ಊರಿಗೆಲ್ಲ ಅವರು ಅಕ್ಕಯ್ಯ.

ಅದೇ ಊರಿನ ಅಗ್ರಹಾರದ ಬೀದಿಯಲ್ಲಿ ಅಳಸಿಂಗಾಚಾರ್ಯರೆಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇದ್ದರು. ಅವರೇ ಮುಂದೆ ಈ ಪ್ರಸಂಗವನ್ನು ನನಗೆ ಹೇಳಿದವರು. ಅವರ ಪತ್ನಿ ಶೆಲ್ವಮ್ಮನವರು ಒಮ್ಮೆ ತವರಿನಿಂದ ಒಂಬತ್ತು ಕೆಂಪು ಮೀನುಗಳನ್ನು ಹಿತ್ತಾಳೆಯ ಬಿಂದಿಗೆಯಲ್ಲಿಟ್ಟು, ಬಸ್ಸಿನ ಪ್ರಯಾಣದುದ್ದಕ್ಕೂ ಆ ಬಿಂದಿಗೆಯನ್ನು ಮಡಿಲಲ್ಲೇ ಇರಿಸಿಕೊಂಡು ತಂದಿದ್ದರು. ಹಿತ್ತಿಲಿನ ಚಿಕ್ಕ ಕಲ್ಲುಕೊಳದಲ್ಲಿ ಅವನ್ನು ಬಿಟ್ಟು ಸಾಕಿದ್ದರು. ಶೆಲ್ವಮ್ಮನವರು ಕಾಲವಾದ ಮೇಲೆ ಆಚಾರ್ಯರು ದೇವರ ಮನೆಯ ಬಾಗಿಲು ತೆರೆಯುವುದನ್ನೇ ಬಿಟ್ಟರು. ಸಾಧುಸಂತರ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಅವರಿಗೆ ಉಳಿದದ್ದು ಆ ಒಂಬತ್ತು ಮೀನು. ಮೀನುಗಳು ಸದಾ ಕಣ್ಣಿಗೆ ಕಾಣುತ್ತಿರಲೆಂದು ಕೊಳದ ಪಾಚಿಯನ್ನೆಲ್ಲ ಉಜ್ಜಿ ತೆಗೆದರು, ನೈದಿಲೆಯ ಬಳ್ಳಿಯನ್ನು ಬೇರುಸಹಿತ ಕಿತ್ತರು. ದಿನವೂ ಬೆಳಗ್ಗೆ ಎಂಟಕ್ಕೆ ಕಟ್ಟೆಯ ಮೇಲೆ ನಿಂತು ಮೂರು ಸಲ ಚಪ್ಪಾಳೆ ತಟ್ಟುವರು. ಮೀನುಗಳು ಮೇಲೆದ್ದು ಬಂದು ಅವರು ಎರಚಿದ ಕಡ್ಲೆಪುರಿ ತಿನ್ನುವುವು.

ಆ ವರ್ಷದ ಮಾಘದಲ್ಲಿ ಹಿತ್ತಿಲಿನ ಕೊನೆಯ ಬೂರುಗದ ಮರದಲ್ಲಿ ಒಂದು ಜೋಡಿ ಗರುಡ ಗೂಡು ಕಟ್ಟಿತು. ಬಿಳಿಯ ತಲೆ, ಕೆಂಚು ರೆಕ್ಕೆ. ಬೀದಿಯ ಹೆಂಗಸರು ಕಂಡಾಗಲೆಲ್ಲ ಕೈಮುಗಿದರು. ಒಂದು ತಿಂಗಳೊಳಗೆ ಆಚಾರ್ಯರ ಮೀನುಗಳು ಒಂಬತ್ತು ಇದ್ದದ್ದು ನಾಲ್ಕಾದವು.

ಐದನೆಯ ಮೀನು ಹೋದ ದಿನವೇ ಆಚಾರ್ಯರು ಮರ ಕಡಿಯುವ ಸಿದ್ದಶೆಟ್ಟಿಗೆ ಹೇಳಿಕಳುಹಿಸಿದರು. ಅವನು ಬಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಿ ಕೊಡಲಿಯನ್ನು ಕೆಳಗಿಟ್ಟ.

"ಗೂಡ್ನಲ್ಲಿ ಮರಿ ಅವೆ ಸ್ವಾಮ್ಯೋರೆ. ನನ್ ಕೈಲಾಗಲ್ಲ. ಅಕ್ಕಯ್ಯನೋರು ಆಗ್ಲಿ ಅಂದ್ರೆ ನಾಳೆನೇ ಕಡಿತೀನಿ."

ಹೀಗೆ, ಸಂತರ ನೆರಳನ್ನೂ ಸಹಿಸದ ಆಚಾರ್ಯರು ಒಂದು ಅಪ್ಪಣೆಗಾಗಿ ಮಂಟಪದ ಮೆಟ್ಟಿಲು ಹತ್ತಬೇಕಾಯಿತು. ಸಿದ್ದಶೆಟ್ಟಿ ಹಿಂದೆಯೇ ಬಂದ. ಆಚಾರ್ಯರು ನಮಸ್ಕಾರ ಮಾಡಲಿಲ್ಲ. ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಕೇಳಿಯೇಬಿಟ್ಟರು:

"ಸ್ವಾಮಿಯ ವಾಹನ ಅಂತ ಎಲ್ಲರೂ ಕೈ ಮುಗೀತಾರೆ. ನನ್ನವಳನ್ನು ಆ ಸ್ವಾಮಿ ಕರಕೊಂಡ. ಅವಳ ಮೀನನ್ನು ಅವನ ವಾಹನ ಒಯ್ತಾ ಇದೆ. ನಾನು ಇನ್ನೂ ಕೈ ಮುಗೀಬೇಕೇನು? ಮರ ಕಡಿಯೋಕೆ ಇವನಿಗೆ ಹೇಳಿ, ಸಾಕು."

ಅಕ್ಕಯ್ಯನವರು ಕೈಯಲ್ಲಿದ್ದ ಎಲೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು:

"ಮೇಷ್ಟ್ರೇ, ನಾಳೆ ಮೀನಿಗೆ ಊಟ ಹಾಕುವಾಗ ನಾನೂ ಬರಲೇ?"

ಆಚಾರ್ಯರು ತಲೆಯಾಡಿಸಿ ಮೆಟ್ಟಿಲಿಳಿದರು.

ಮರುದಿನ ಎಂಟಕ್ಕೆ ಮುಂಚೆಯೇ ಅಕ್ಕಯ್ಯನವರು ಬರಿಗಾಲಲ್ಲಿ ನಡೆದು ಬಂದರು. ಸಂತರು ಅಗ್ರಹಾರಕ್ಕೆ ಬಂದರೆಂದು ಬೀದಿಯವರೂ ನಾಲ್ಕಾರು ಜನ ಹಿತ್ತಿಲಲ್ಲಿ ಸೇರಿದರು. ಆಚಾರ್ಯರು ಉತ್ತರೀಯದ ಮಡಿಕೆಯಲ್ಲಿ ಪುರಿ, ಕಂಕುಳಲ್ಲಿ ಛತ್ರಿ ಹಿಡಿದು ಕಟ್ಟೆಯೇರಿ ಮೂರು ಸಲ ಚಪ್ಪಾಳೆ ತಟ್ಟಿದರು. ತಿಳಿನೀರಿನಲ್ಲಿ ನಾಲ್ಕು ಕೆಂಪು ಮೀನುಗಳು ಮೇಲೆ ಬಂದವು. ಅದೇ ಕ್ಷಣಕ್ಕೆ ಬೂರುಗದ ಮರದಿಂದ ನೆರಳೊಂದು ಇಳಿಯಿತು. ಆಚಾರ್ಯರು ಅರಚುತ್ತ ಛತ್ರಿ ಬಿಚ್ಚಿ ಬೀಸಿದರು. ಗರುಡನ ಉಗುರು ನೀರನ್ನು ಗೀರಿತಷ್ಟೆ. ಏನೂ ಸಿಗದೆ ಮೇಲೆದ್ದು ಹೋಯಿತು. ಪುರಿಯೆಲ್ಲ ಆಚಾರ್ಯರ ತಲೆಯ ಮೇಲೆ.

ಅಕ್ಕಯ್ಯನವರು ಮೆಲ್ಲಗೆ ನುಡಿದರು:

"ಮೇಷ್ಟ್ರೇ, ನಿಮ್ಮ ಚಪ್ಪಾಳೆ ಇಬ್ಬರನ್ನೂ ಊಟಕ್ಕೆ ಕರೆಯಿತಲ್ಲ."

ಸಿದ್ದಶೆಟ್ಟಿ ಕಿಸಕ್ಕನೆ ನಕ್ಕ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಚಾರ್ಯರು ಕೆಂಡವಾಗಬೇಕಿತ್ತು, ಆದರೆ ಆ ಮಾತಿನಲ್ಲಿ ಎಳ್ಳಷ್ಟೂ ಅಣಕವಿರಲಿಲ್ಲ. ಅಕ್ಕಯ್ಯನವರು ಆಗಲೇ ಕೊಳದ ಅಂಚಿನಲ್ಲಿ ಕುಳಿತು ನೀರನ್ನು ನೋಡುತ್ತಿದ್ದರು.

"ಇವು ಬಚ್ಚಿಟ್ಟುಕೊಳ್ಳಬೇಕೆಂದರೆ ಎಲ್ಲಿಗೆ ಹೋಗಬೇಕು?"

ಆಚಾರ್ಯರ ಕೋಪ ಅಲ್ಲಿಗೆ ಕುಸಿಯಿತು. "ನಾನೇ ಎಲ್ಲ ಕಿತ್ತುಹಾಕಿದೆ ತಾಯಿ," ಎಂದರು. "ಒಂದು ಗಳಿಗೆ ಕಾಣದಿದ್ದರೂ ಇವೂ ಹೋದವೇನೋ ಅನ್ನಿಸುತ್ತೆ. ಎದೆ ಹೊಡಕೊಳ್ಳುತ್ತೆ."

ಅಕ್ಕಯ್ಯನವರು ಅವರ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಕಾಣದ್ದೆಲ್ಲ ಹೋದದ್ದಲ್ಲ, ಮಗು."

ಅರವತ್ತಮೂರು ವರ್ಷದ ಆಚಾರ್ಯರನ್ನು ಮಗು ಎಂದು ಕರೆದವರು ಆಗ ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಮುಂದೆ ನಡೆದದ್ದನ್ನು ಆ ಬೀದಿಯವರು ಹಬ್ಬವೆಂಬಂತೆ ನೆನೆಯುತ್ತಾರೆ. ಅಕ್ಕಯ್ಯನವರು ಸೆರಗನ್ನು ಸೊಂಟಕ್ಕೆ ಬಿಗಿದು ತಾವೇ ಕೊಳಕ್ಕಿಳಿದರು. ಮನೆಮನೆಯಿಂದ ಒಡಕು ಮಡಕೆಗಳು ಬಂದವು. ಒಂದೊಂದನ್ನೂ ಮಗ್ಗುಲಾಗಿ ಮಲಗಿಸಿ, ಅಲುಗದಂತೆ ಕಲ್ಲು ಒತ್ತಿ, "ಇನ್ನೊಂದು ಕೊಡಿ," ಎನ್ನುತ್ತ ಮೊಣಕಾಲುದ್ದ ನೀರಿನಲ್ಲಿ ಓಡಾಡಿದರು. ಸಿದ್ದಶೆಟ್ಟಿ ಕೆರೆಗೆ ಹೋಗಿ ನೈದಿಲೆಯ ಗೆಡ್ಡೆಗಳನ್ನು ತಂದ. ತಾನು ಕಡಿಯಬೇಕಿದ್ದ ಮರಕ್ಕೆ ಬೆನ್ನು ಕೊಟ್ಟು ಕುಳಿತು, ತೆಂಗಿನ ನಾರಿನ ಸಣ್ಣ ಹಗ್ಗ ಹೊಸೆದ. ಕೊಳದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಗೇಣು ಗೇಣಿಗೊಂದರಂತೆ ಹಗ್ಗ ಕಟ್ಟಿದರು. ಎಳೆ ಎಲ್ಲೆಲ್ಲಿ ಹಾಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದವರು ಆಚಾರ್ಯರು. ಎಷ್ಟೆಂದರೂ ಡ್ರಾಯಿಂಗ್ ಮೇಷ್ಟ್ರು. ಕೆಲಸ ಮುಗಿದಾಗ ಅಕ್ಕಯ್ಯನವರ ಸೀರೆಯೆಲ್ಲ ಕೆಸರು, ಮುಖದ ತುಂಬ ನಗು. ಮೀನುಗಳು ಮಡಕೆ ಹೊಕ್ಕವು, ಮತ್ತೆ ಕಾಣಲಿಲ್ಲ.

"ಇನ್ನು ಚಪ್ಪಾಳೆ ಬೇಡ. ದಿನಕ್ಕೊಂದು ಬೇರೆ ಹೊತ್ತಿನಲ್ಲಿ ಸದ್ದಿಲ್ಲದೆ ಹಾಕಿ," ಎಂದಷ್ಟೇ ಹೇಳಿ ಅವರು ಹೊರಟರು.

ಗರುಡ ಒಂದೆರಡು ಸಲ ಎರಗಿ ನೋಡಿತು. ಹಗ್ಗ ಕಂಡು ರೆಕ್ಕೆ ತಿರುಗಿಸಿತು. ಒಂದು ದಿನವೆಲ್ಲ ಗೋಡೆಯ ಮೇಲೆ ಕುಳಿತಿತ್ತು. ಮರುದಿನದಿಂದ ಅದರ ಬೇಟೆಯೆಲ್ಲ ಹೊಳೆಯಲ್ಲಿ. ಇತ್ತ ಆಚಾರ್ಯರಿಗೆ ಮಾತ್ರ ಊಟ ಸೇರದಾಯಿತು. ಹಾಕಿದ ಪುರಿ ಖಾಲಿಯಾಗುತ್ತಿತ್ತು, ತಿಂದವರು ಕಾಣುತ್ತಿರಲಿಲ್ಲ. ಹತ್ತನೆಯ ದಿನ ಮಂಟಪಕ್ಕೆ ಹೋಗಿ, "ಒಂದೂ ಕಾಣಿಸ್ತಾ ಇಲ್ಲ ಅಕ್ಕಯ್ಯ," ಎಂದು ಅಳಲು ತೋಡಿಕೊಂಡರು.

"ಬಹಳ ಸಂತೋಷ," ಎಂದರು ಅಕ್ಕಯ್ಯನವರು.

ಅಂದಿನಿಂದ ಆಚಾರ್ಯರು ದಿನವೂ ಅಲ್ಲಿಗೆ ಹೋಗತೊಡಗಿದರು. ಮೊದಮೊದಲು ದೂರು ಹೇಳಲು, ಆಮೇಲೆ ಸುಮ್ಮನೆ. ಚೈತ್ರದಲ್ಲಿ ಗರುಡನ ಮರಿ ಮೊದಲ ಸಲ ಹಾರಿ, ತೂಕ ತಪ್ಪಿ, ಅವರದೇ ಹಂಚಿನ ಮೇಲೆ ಬಿದ್ದು ಎದ್ದಾಗ, "ಭೇಷ್!" ಎಂದು ಕೂಗಿದವರು ತಾವೇ ಎಂಬುದು ಅವರಿಗೆ ಒಂದು ಗಳಿಗೆ ಬಿಟ್ಟು ತಿಳಿಯಿತಂತೆ.

ವೈಶಾಖದ ಒಂದು ಬೆಳಗ್ಗೆ ನೈದಿಲೆಯ ಎಲೆಯೊಂದನ್ನು ಮೆಲ್ಲಗೆ ಸರಿಸಿದಾಗ, ಕೆಳಗೆ ಏನೋ ಮಿಸುಕಿತು. ಸಾಸಿವೆಗೆ ಬಾಲ ಬಂದಂತೆ ಕಪ್ಪು ಕಪ್ಪು ಮರಿಗಳು, ಹತ್ತಲ್ಲ, ಇಪ್ಪತ್ತಲ್ಲ. ಶೆಲ್ವಮ್ಮನವರು ಹೋದ ಮೇಲೆ ಆ ಕೊಳದಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಉಳಿಯಲು ಎಲೆಯ ಮರೆಯೇ ಇರಲಿಲ್ಲ. ಆಚಾರ್ಯರು ಉತ್ತರೀಯವನ್ನೂ ಹೊದೆಯದೆ ಬೀದಿಯಲ್ಲಿ ಓಡಿದರು. "ಮರಿ! ಅಕ್ಕಯ್ಯ, ಮರಿ!"

ಅಕ್ಕಯ್ಯನವರು ಎದ್ದು ಅವರೊಡನೆಯೇ ಬಂದರು. ಇಬ್ಬರೂ ಕೊಳದ ಅಂಚಿನಲ್ಲಿ ಬಗ್ಗಿ ಕುಳಿತರು. ನೋಡುತ್ತ ನೋಡುತ್ತ ಆಚಾರ್ಯರ ಕಣ್ಣು ತುಂಬಿತು. ತುಟಿಯಲ್ಲಿ ನಗು ಹಾಗೆಯೇ ಇತ್ತು. "ಶೆಲ್ವು ಇದ್ದಿದ್ದರೆ ಇಷ್ಟಕ್ಕೂ ಹೆಸರಿಟ್ಟುಬಿಡೋಳು," ಎಂದರು. ಅವರು ಕಾಲವಾದ ಮೂರು ವರ್ಷಗಳಲ್ಲಿ ಆ ಹೆಸರು ಅವರ ಬಾಯಿಂದ ಹೊರಟದ್ದು ಅದೇ ಮೊದಲು.

"ಯಾವ ಯಾವ ಹೆಸರು ಇಡುತ್ತಿದ್ದರು? ಹೇಳಿ, ಕೇಳೋಣ," ಎಂದರು ಅಕ್ಕಯ್ಯನವರು.

ಆಚಾರ್ಯರು ಹೇಳತೊಡಗಿದರು. ಮೀನಿನ ಹೆಸರಿನಿಂದ ಹೊರಟ ಮಾತು ಮದುವೆಗೆ ಹೋಯಿತು, ಶೆಲ್ವಮ್ಮನವರ ಪುಳಿಯೋಗರೆಗೆ ಹೋಯಿತು, ಅವರ ಜಗಳಗಳಿಗೆ ಹೋಯಿತು. ಬಿಸಿಲು ನೆತ್ತಿಗೇರಿತು. ಅಕ್ಕಯ್ಯನವರು ಅಲ್ಲಿಂದ ಏಳಲಿಲ್ಲ. ನಡುನಡುವೆ ಇಬ್ಬರೂ ನಕ್ಕದ್ದು ಬೀದಿಯ ಕೊನೆಯ ಮನೆಯವರೆಗೂ ಕೇಳಿಸುತ್ತಿತ್ತು.