ಮುಟ್ಟದೆ ನೋಡಿದವನು

ಶಿಷ್ಯ ಕೇಳಿದ: “ಗುರುಗಳೇ, ನಾಳೆ ಜಲಾಶಯಕ್ಕೆ ಹಕ್ಕಿ ನೋಡಲು ಹೊರಟಿದ್ದೇನೆ. ಅಲ್ಲಿಯ ಅಂಬಿಗ ನಡುಗಡ್ಡೆಯಲ್ಲಿ ಯಾರನ್ನೂ ಇಳಿಸುವುದಿಲ್ಲವಂತೆ, ಕೇಳಿದರೆ ಬೈಯುತ್ತಾನಂತೆ. ನಾನೇನು ಬೇಟೆಗಾರನೇ? ಕೈಯಲ್ಲಿ ಮುಟ್ಟದೆ ಬರೀ ಕಣ್ಣಲ್ಲಿ ನೋಡಿದರೆ ಯಾರ ಗಂಟು ಹೋಗುತ್ತದೆ?”

ಗುರುಗಳ ಮುಖ ಕೆಂಪಾಯಿತು. “ಬರೀ ಕಣ್ಣಲ್ಲಿ! ಕೂತುಕೋ, ಹೇಳುತ್ತೇನೆ,” ಎಂದರು.

ಒಬ್ಬ ವರ್ತಕನಿದ್ದ. ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಅಂಗಡಿಯ ಮುಂದೆ ಕಾಳು ಚೆಲ್ಲಿ, ಗುಬ್ಬಿಗಳು ತಿಂದು ಹೋಗುವವರೆಗೆ ಗಿರಾಕಿಯನ್ನೂ ಒಳಗೆ ಕರೆಯುತ್ತಿರಲಿಲ್ಲ. ಅವನನ್ನು ಢೋಂಗಿ ಎಂದುಕೊಳ್ಳಬೇಡ. ಒಂದು ಬೇಸಿಗೆಯಲ್ಲಿ ಅವನು ಜಲಾಶಯಕ್ಕೆ ಹೋದ. ನೀರು ಇಳಿದು, ನಡುವೆ ಒಂದು ಕಲ್ಲುದಿಬ್ಬ ಎದ್ದಿತ್ತು. ಅದರ ಮೇಲೆ ನೂರಾರು ಬೆಳ್ಳನೆಯ ಹಕ್ಕಿಗಳು ಕಾವು ಕೂತಿದ್ದವು. ಗೂಡಿಲ್ಲ, ನೆರಳಿಲ್ಲ, ಬರಿಯ ಕಲ್ಲಿನ ಮೇಲೆ ಮೊಟ್ಟೆ.

ಅಂಬಿಗ ದೋಣಿಯನ್ನು ದೂರದಲ್ಲೇ ನಿಲ್ಲಿಸಿದ. “ಇಲ್ಲಿಂದಲೇ ನೋಡಿ ಸ್ವಾಮಿ. ಬಿಸಿಲು ಏರಿದ ಮೇಲೆ ಅವು ನೀರಲ್ಲಿ ಹೊಟ್ಟೆ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡ್ತಾವೆ. ಅವನ್ನ ಎಬ್ಬಿಸಬಾರ್ದು.”

ವರ್ತಕ ಕೇಳಲಿಲ್ಲ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿಗೆ ಇಳಿದೇಬಿಟ್ಟ. ಒಂದು ಮೊಟ್ಟೆಯನ್ನೂ ತುಳಿಯದಂತೆ ನೋಡಿ ನೋಡಿ ಹೆಜ್ಜೆಯಿಟ್ಟು, ದಿಬ್ಬದ ನಡುವೆ ಹೋಗಿ ನಿಂತ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು, ಕೂಗುತ್ತ ಅವನ ತಲೆಯ ಮೇಲೆ ಸುತ್ತತೊಡಗಿದವು. ಆ ಪುಣ್ಯಾತ್ಮ ಅದನ್ನು ಸ್ವಾಗತವೆಂದು ತಿಳಿದ! ಕೈಮುಗಿದ. ಕಣ್ಣಲ್ಲಿ ನೀರು ತಂದುಕೊಂಡ. ಅಂಬಿಗ ದೋಣಿಯಿಂದ ಗಂಟಲು ಹರಿಯುವಂತೆ ಕೂಗಿದರೆ, ಹಕ್ಕಿಗಳು ಬೆದರಿಯಾವೆಂದು ತುಟಿಯ ಮೇಲೆ ಬೆರಳಿಟ್ಟು ಅವನನ್ನೇ ಸುಮ್ಮನಿರಿಸಿದ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸೂರ್ಯ ನೆತ್ತಿಗೆ ಬಂದ. ಇನ್ನೆರಡು ಕಾಲು ಆ ದಿಬ್ಬದ ಮೇಲೆ ಬೇಡವೆಂದು ಅಷ್ಟು ಹೊತ್ತು ತಡೆದುಕೊಂಡಿದ್ದ ಅಂಬಿಗ ಕೊನೆಗೆ ತಾನೇ ಇಳಿದು ಬಂದ. ಒಂದು ಮೊಟ್ಟೆಯನ್ನೆತ್ತಿ ವರ್ತಕನ ಅಂಗೈಯಲ್ಲಿಟ್ಟ. ಅದು ಸುಡುತ್ತಿತ್ತು. ಇನ್ನೊಂದನ್ನಿಟ್ಟ. ಅದೂ ಸುಡುತ್ತಿತ್ತು.

“ನಾನು ಒಂದನ್ನೂ ಮುಟ್ಟಲಿಲ್ಲವಲ್ಲಯ್ಯ!” ಎಂದ ವರ್ತಕ.

“ನೀವು ಮುಟ್ಟಲಿಲ್ಲ ಸ್ವಾಮಿ. ಬಿಸಿಲು ಮುಟ್ತು.”

ವರ್ತಕ ಹೊರಟುಹೋದ. ಹಕ್ಕಿಗಳು ಇಳಿದು ಬಂದು ಅದೇ ಮೊಟ್ಟೆಗಳ ಮೇಲೆ ಕೂತವು. ಹೊಟ್ಟೆ ನೆನೆಸಿಕೊಂಡು ಬಂದು ತಂಪು ಮಾಡಿದವು. ಇಪ್ಪತ್ತು ದಿನ ಹಾಗೇ ಕೂತವು. ಒಂದು ಮರಿಯೂ ಹೊರಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: “ಆದರೂ ಗುರುಗಳೇ, ಅವನ ಪ್ರೀತಿ ನಿಜವಾದದ್ದೇ ಅಲ್ಲವೇ?”

“ನಿಜವಾದದ್ದೇ, ಕಳ್ಳನಾಗಿದ್ದರೆ ನಾಲ್ಕು ಮೊಟ್ಟೆ ಎತ್ತಿಕೊಂಡು ಓಡಿಹೋಗುತ್ತಿದ್ದ, ಪ್ರೀತಿಯಿತ್ತು ನೋಡು, ಅದಕ್ಕೇ ಮಧ್ಯಾಹ್ನದವರೆಗೂ ನಿಂತ.”